ತಲೆ ಸುತ್ತಿದಾಗ ಕಿವಿಯ ಕಡೆಗೂ ನೋಡಿ

ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಕೋಣೆಯೆಲ್ಲ ಗಿರ್ರನೆ ತಿರುಗಿ, ಅರ್ಧ ನಿಮಿಷದಲ್ಲಿ ತಾನಾಗಿ ನಿಂತುಹೋಗುವ ತಲೆಸುತ್ತು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಅದಕ್ಕೆ ಸಿಗುವ ವಿವರಣೆಗಳಿಗೂ ಬರವಿಲ್ಲ. ಬಿಪಿ ಏರಿರಬೇಕು ಎಂದು ಒಬ್ಬರು, ಇಳಿದಿರಬೇಕು ಎಂದು ಇನ್ನೊಬ್ಬರು. ಪಿತ್ತ, ಗ್ಯಾಸ್, ರಕ್ತ ಕಡಿಮೆ, ಶುಗರ್, ಕುತ್ತಿಗೆ ಮೂಳೆಯ ಸವಕಳಿ, ಇಷ್ಟು ಹೇಳಿ ಮುಗಿಯುವ ಹೊತ್ತಿಗೆ ಔಷಧಿ ಅಂಗಡಿಯಿಂದ ಒಂದು ಸ್ಟ್ರಿಪ್ ಮಾತ್ರೆ ಮನೆಗೆ ಬಂದಿರುತ್ತದೆ. ಕೈಯಲ್ಲಿ ದುಡ್ಡಿದ್ದವರು ತಲೆಯ ಸ್ಕ್ಯಾನನ್ನೂ ಮಾಡಿಸಿರುತ್ತಾರೆ. ಎಲ್ಲ ನಾರ್ಮಲ್ ಎಂಬ ವರದಿ ಫೈಲು ಸೇರುತ್ತದೆ, ತಲೆಸುತ್ತು ಮಾತ್ರ ಇದ್ದಲ್ಲೇ ಇರುತ್ತದೆ. ಈ ಇಡೀ ಪಟ್ಟಿಯಲ್ಲಿ ಹೆಸರೇ ಬಾರದ ಅಂಗ ಕಿವಿ. ಚೆನ್ನಾಗಿ ಕೇಳಿಸುತ್ತಿದೆ, ನೋವಿಲ್ಲ, ಸೋರುತ್ತಿಲ್ಲ, ಇನ್ನು ಕಿವಿಗೂ ಇದಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸುವುದು ಸಹಜವೇ. ಆದರೆ ಕಿವಿ ಇರುವುದು ಕೇಳುವುದಕ್ಕಷ್ಟೇ ಎಂಬ ಈ ನಂಬಿಕೆಯಿಂದಲೇ, ಹತ್ತು ನಿಮಿಷದಲ್ಲಿ ವಾಸಿಮಾಡಬಹುದಾದ ತಲೆಸುತ್ತನ್ನು ನಾವು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತ ಸಾಕಿಕೊಂಡು ಬರುತ್ತೇವೆ. ಆ ನಡುವೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವವರೂ ಇದ್ದಾರೆ. ತಲೆಸುತ್ತು ಏನು ಮಾಡಿದಾಗ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸರಿಯಾಗಿ ಕೇಳಿದರೆ, ಬಹಳಷ್ಟು ಸಲ ದುಬಾರಿ ಸ್ಕ್ಯಾನಿಗಿಂತ ಹೆಚ್ಚಿನದು ತಿಳಿಯುತ್ತದೆ ಎಂಬುದು ಇಲ್ಲಿ ನಾನು ಹೇಳಹೊರಟಿರುವ ಮಾತು.

ಈ ತಪ್ಪು ತಿಳಿವಳಿಕೆಗೆ ನಮ್ಮನ್ನಷ್ಟೇ ದೂರಬೇಕಾಗಿಲ್ಲ. ವೈದ್ಯಲೋಕವೇ ಬಹುಕಾಲ ಹೀಗೆ ತಿಳಿದಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೂರೆನ್ಸ್ ಪಾರಿವಾಳಗಳ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿ ನೋಡಿದ. ಹಕ್ಕಿಗಳಿಗೆ ಕಿವಿ ಕೇಳಿಸುತ್ತಲೇ ಇತ್ತು, ಆದರೆ ಯಾವ ನಾಳ ತುಂಡಾಗಿತ್ತೋ ಅದೇ ದಿಕ್ಕಿನಲ್ಲಿ ತಲೆ ಗಿರಗಿರ ತಿರುಗತೊಡಗಿತು. ಅಷ್ಟಾದರೂ ರೋಗಿಗಳ ತಲೆಸುತ್ತಿಗೆ ಮಿದುಳಿನಲ್ಲಿ ರಕ್ತ ಕಟ್ಟುವುದೇ ಕಾರಣವೆಂದು ನಂಬಿ ರಕ್ತ ತೆಗೆಯುವ ಚಿಕಿತ್ಸೆ ನಡೆದೇ ಇತ್ತು. ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ, ತಲೆಸುತ್ತು, ಕಿವಿಯೊಳಗಿನ ಗುಂಯ್‌ಗುಡುವಿಕೆ ಮತ್ತು ಕಿವುಡು ಮೂರೂ ಜೊತೆಯಾಗಿ ಬರುವ ರೋಗಿಗಳಲ್ಲಿ ಕೆಟ್ಟಿರುವುದು ಮಿದುಳಲ್ಲ, ಒಳಗಿವಿ ಎಂದು ವಾದಿಸಿದ. ಮುಂದಿನ ದೊಡ್ಡ ಹೆಜ್ಜೆ ವಿಯೆನ್ನಾದ ರಾಬರ್ಟ್ ಬಾರನಿಯದು. ಕಿವಿ ತೊಳೆಯುವಾಗ ರೋಗಿಗಳಿಗೆ ತಲೆ ಸುತ್ತುವುದನ್ನು ಎಲ್ಲ ವೈದ್ಯರೂ ಕಂಡಿದ್ದರು. ನೀರು ತಣ್ಣಗಿದ್ದರೆ ಕಣ್ಣುಗುಡ್ಡೆ ಒಂದು ದಿಕ್ಕಿಗೆ, ಬಿಸಿಯಿದ್ದರೆ ಎದುರು ದಿಕ್ಕಿಗೆ ಕುಣಿಯುತ್ತದೆ ಎಂಬುದನ್ನು ಗಮನಿಸಿ, ಒಳಗಿವಿಯ ದ್ರವ ಕಾವಿನ ವ್ಯತ್ಯಾಸಕ್ಕೆ ಹರಿದಾಡುವುದೇ ಅದಕ್ಕೆ ಕಾರಣವೆಂದು ವಿವರಿಸಿದವನು ಬಾರನಿ. 1914ರ ನೊಬೆಲ್ ಬಹುಮಾನ ಅವನಿಗೆ ಸಂದಾಗ ಅವನು ರಷ್ಯನ್ನರ ಕೈಯಲ್ಲಿ ಯುದ್ಧಕೈದಿಯಾಗಿದ್ದ. ಒಳಗಿವಿಯ ಸಮತೋಲನದ ಕೆಲಸಕ್ಕೆ ನೊಬೆಲ್ ಸಂದು ನೂರು ವರ್ಷ ಕಳೆದರೂ ನಮ್ಮ ಜಗಲಿಯ ಚರ್ಚೆಗೆ ಅದಿನ್ನೂ ಬಂದಿಲ್ಲ.

ಒಳಗಿವಿಯಲ್ಲಿ ಶಬ್ದ ಗ್ರಹಿಸುವ ಬಸವನಹುಳದಾಕಾರದ ಭಾಗಕ್ಕೆ ಅಂಟಿಕೊಂಡೇ ಸಮತೋಲನದ ಭಾಗವಿದೆ. ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ಪುಟ್ಟ ನಾಳಗಳು, ಅವುಗಳ ಬುಡದಲ್ಲಿ ಎರಡು ಚೀಲಗಳು, ಎಲ್ಲದರೊಳಗೂ ದ್ರವ. ತಲೆ ತಿರುಗಿದಾಗ ನಾಳದ ದ್ರವ ತುಸು ಹಿಂದೆ ಬಿದ್ದು ಅಲ್ಲಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಚೀಲಗಳಲ್ಲಿ ಅಂಟಾದ ಪದರದ ಮೇಲೆ ಸುಣ್ಣದ ಅಂಶದ ಸಾವಿರಾರು ಹರಳುಗಳಿವೆ. ಗಾರೆಯವರು ಗೋಡೆಗೆ ಹಿಡಿಯುವ ರಸಮಟ್ಟದ ಹಾಗೆ, ಯಾವುದು ಮೇಲೆ ಯಾವುದು ಕೆಳಗೆ ಎಂದು ಸದಾ ಹೇಳುತ್ತಿರುವುದು ಅವುಗಳ ಕೆಲಸ. ಈ ವ್ಯವಸ್ಥೆಯ ವೇಗವನ್ನು ಈಗಲೇ ಕುಳಿತಲ್ಲಿಯೇ ಪರೀಕ್ಷಿಸಬಹುದು. ಈ ಪುಟವನ್ನು ಕಣ್ಣೆದುರು ಹಿಡಿದು ಎಡಕ್ಕೂ ಬಲಕ್ಕೂ ಬೇಗಬೇಗ ಅಲ್ಲಾಡಿಸಿ, ಅಕ್ಷರ ಕಲಸಿಹೋಗುತ್ತದೆ. ಈಗ ಪುಟವನ್ನು ಅಲುಗಾಡದಂತೆ ಹಿಡಿದು ಅದೇ ವೇಗದಲ್ಲಿ ತಲೆಯನ್ನು ಅಲ್ಲಾಡಿಸಿ, ಓದಲು ಬರುತ್ತದೆ. ಎರಡನೆಯ ಸಲ ಕಣ್ಣನ್ನು ಸ್ಥಿರವಾಗಿ ಇಟ್ಟದ್ದು ಒಳಗಿವಿ. ತಲೆ ಅಲುಗಿದ ಸುದ್ದಿ ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ಕಣ್ಣಿನ ಸ್ನಾಯುಗಳನ್ನು ಮುಟ್ಟುತ್ತದೆ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ಸ್ಪರ್ಶ, ಈ ಮೂರರ ವರದಿ ಒಂದಕ್ಕೊಂದು ತಾಳೆಯಾದರೆ ನಾವು ನೆಟ್ಟಗೆ ನಿಲ್ಲುತ್ತೇವೆ. ತಾಳೆಯಾಗದಿದ್ದರೆ ಜಗತ್ತು ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ, ಬೆವರು ಕಿತ್ತು ಬರುತ್ತದೆ. ಒಳಗಿವಿಯ ನರಗಳಿಗೂ ವಾಂತಿ, ನಾಡಿಬಡಿತಗಳನ್ನು ನಿಯಂತ್ರಿಸುವ ಕೇಂದ್ರಗಳಿಗೂ ಮಿದುಳಿನ ಬುಡದಲ್ಲಿ ಹತ್ತಿರದ ಸಂಪರ್ಕವಿದೆ. ತಲೆಸುತ್ತಿನ ಜೊತೆ ವಾಂತಿ ಬಂದದ್ದಕ್ಕೆ ಪಿತ್ತವನ್ನು ದೂರುವ ಅಭ್ಯಾಸ ಬೆಳೆದದ್ದು ಬಹುಶಃ ಇದರಿಂದಲೇ. ವಾಂತಿ ಇಲ್ಲಿ ಕಾರಣವಲ್ಲ, ಪರಿಣಾಮ.

ಎರಡೂ ಕಿವಿಗಳ ಈ ಭಾಗ ಪೂರ್ತಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 1952ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವೈದ್ಯನೊಬ್ಬ ತನ್ನದೇ ಕಥೆ ಬರೆದ. ಮೊಣಕಾಲಿನ ಕ್ಷಯಕ್ಕೆ ಕೊಟ್ಟ ಸ್ಟ್ರೆಪ್ಟೊಮೈಸಿನ್ ಅವನ ಒಳಗಿವಿಯ ಸಮತೋಲನವನ್ನು ನಾಶಮಾಡಿತ್ತು. ಹಾಸಿಗೆಯಲ್ಲಿ ಓದುವಾಗ ನಾಡಿ ಮಿಡಿದಷ್ಟಕ್ಕೇ ಅಕ್ಷರಗಳು ಕುಣಿಯುತ್ತಿದ್ದುದರಿಂದ, ಮಂಚದ ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿ ಓದಬೇಕಾಗಿತ್ತು. ಬಸ್ಸಿನಲ್ಲಿ ಕುಳಿತು ಅಂಗಡಿ ಬೋರ್ಡುಗಳನ್ನು ಓದುವ ನಾವು, ದಿನವಿಡೀ ಈ ಕೆಲಸ ಮಾಡುವ ಅಂಗವೊಂದು ನಮ್ಮಲ್ಲಿದೆ ಎಂದು ಒಮ್ಮೆಯೂ ನೆನೆಯುವುದಿಲ್ಲ.

ಈಗ ಮೊದಲು ಹೇಳಿದ ಬೆಳಗಿನ ಜಾವದ ತಲೆಸುತ್ತಿಗೆ ಬರೋಣ. ವೈದ್ಯರು ಅದನ್ನು ಬಿಪಿಪಿವಿ ಎನ್ನುತ್ತಾರೆ; ಹೆಸರಿನಲ್ಲಿ ಬಿಪಿ ಇದ್ದರೂ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಚೀಲದಲ್ಲಿ ಇರಬೇಕಾದ ಹರಳುಗಳಲ್ಲಿ ಕೆಲವು ಕಳಚಿ, ಇರಬಾರದ ನಾಳದೊಳಗೆ ಹೋಗಿ ಸೇರುತ್ತವೆ. ಸಾಮಾನ್ಯವಾಗಿ ಹಿಂಬದಿಯ ನಾಳಕ್ಕೆ, ಏಕೆಂದರೆ ಮಲಗಿದಾಗ ತಗ್ಗಿನಲ್ಲಿರುವುದು ಅದೇ. ಆಮೇಲೆ ತಲೆಯ ಭಂಗಿ ಬದಲಾದಾಗಲೆಲ್ಲ ಹರಳುಗಳು ಕೆಳಗಿಳಿಯುತ್ತ ದ್ರವವನ್ನು ಎಳೆಯುತ್ತವೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಹರಳು ತಳ ಮುಟ್ಟಿದ ಮೇಲೆ ಎಳೆತ ನಿಲ್ಲುತ್ತದೆ, ತಲೆಸುತ್ತೂ ನಿಲ್ಲುತ್ತದೆ. ಒಂದು ನಿಮಿಷ ದಾಟುವುದು ಕಡಿಮೆ. ಮಲಗುವುದು, ಏಳುವುದು, ಮಗ್ಗುಲಾಗುವುದು, ಅಟ್ಟದ ಮೇಲಿನ ಡಬ್ಬ ತೆಗೆಯಲು ಕತ್ತೆತ್ತುವುದು, ರಂಗೋಲಿಗೆ ಬಗ್ಗುವುದು, ಇವೇ ಅದನ್ನು ಎಬ್ಬಿಸುವ ಚಲನೆಗಳು. ಜರ್ಮನಿಯ ಸಮೀಕ್ಷೆಯೊಂದರ ಪ್ರಕಾರ ನೂರಕ್ಕೆ ಎರಡು-ಮೂರು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ; ಹೆಂಗಸರಲ್ಲಿ ಹೆಚ್ಚು, ಐವತ್ತು ದಾಟಿದವರಲ್ಲಿ ಹೆಚ್ಚು. ತಲೆಗೆ ಪೆಟ್ಟು ಬಿದ್ದ ಮೇಲೆ ಕಿರಿಯರಲ್ಲೂ ಬರುವುದುಂಟು. ಪತ್ತೆಗೆ ಬೇಕಾದದ್ದು ಒಂದು ಮಂಚ. ರೋಗಿಯನ್ನು ಕೂರಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಬರುವಂತೆ ಬೇಗನೆ ಮಲಗಿಸುತ್ತಾರೆ. ಕೆಲವು ಸೆಕೆಂಡು ಬಿಟ್ಟು ತಲೆಸುತ್ತು ಬಂದು, ಕಣ್ಣುಗುಡ್ಡೆ ಒಂದು ನಿರ್ದಿಷ್ಟ ರೀತಿಯಲ್ಲಿ ತಿರುಗುತ್ತ ಕುಣಿದರೆ ರೋಗ ಗೊತ್ತಾಯಿತು, ಯಾವ ಕಿವಿಯದು ಎಂದೂ ಗೊತ್ತಾಯಿತು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬವರು ಈ ಪರೀಕ್ಷೆಯನ್ನು ವಿವರಿಸಿದ್ದು 1952ರಲ್ಲಿ.

ಚಿಕಿತ್ಸೆಯೂ ಅದೇ ಮಂಚದ ಮೇಲೆ. ಅಮೆರಿಕದ ಜಾನ್ ಎಪ್ಲಿ ಹರಳನ್ನು ಬಂದ ದಾರಿಯಲ್ಲೇ ಹೊರಗೆ ಉರುಳಿಸುವ ವಿಧಾನ ರೂಪಿಸಿದಾಗ ಸಹೋದ್ಯೋಗಿಗಳೇ ನಂಬಲಿಲ್ಲ. ಅವನ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1992ರಲ್ಲಿ. ಬಲಗಿವಿಯ ತೊಂದರೆಯಾದರೆ ಮುಖವನ್ನು ಬಲಕ್ಕೆ ಅರ್ಧ ತಿರುಗಿಸಿಕೊಂಡು ಅಂಗಾತ ಮಲಗಿಸಿ ತಲೆಯನ್ನು ತುಸು ಕೆಳಗೆ ಬಿಡುತ್ತಾರೆ. ಅರ್ಧದಿಂದ ಒಂದು ನಿಮಿಷ ಬಿಟ್ಟು ಮುಖವನ್ನು ಎಡಕ್ಕೆ ತಿರುಗಿಸುತ್ತಾರೆ. ಮತ್ತೆ ಅಷ್ಟೇ ಹೊತ್ತು ಬಿಟ್ಟು ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ ಮೂಗು ನೆಲ ನೋಡುವಂತೆ ಮಾಡುತ್ತಾರೆ. ಕೊನೆಗೆ ಎಬ್ಬಿಸಿ ಕೂರಿಸುತ್ತಾರೆ. ಅಷ್ಟೇ. ಒಂದೆರಡು ಸಲ ಮಾಡಿದರೆ ಬಹುಪಾಲು ರೋಗಿಗಳಿಗೆ ಗುಣವಾಗುತ್ತದೆ. ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಯಂತ್ರವಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಯಾವ ಕಿವಿ, ಯಾವ ನಾಳ ಎಂದು ವೈದ್ಯರು ಒಮ್ಮೆ ಪತ್ತೆಮಾಡಿ ತೋರಿಸಿಕೊಟ್ಟ ಮೇಲೆ ಮಾಡಿಕೊಳ್ಳಬಹುದು. ಅದಕ್ಕೂ ಮೊದಲು ಬೇಡ. ತಪ್ಪು ಕಿವಿಗೆ ಮಾಡಿದರೆ ಫಲವಿಲ್ಲ. ಕುತ್ತಿಗೆಯ ಗಂಭೀರ ತೊಂದರೆ ಇರುವವರು, ಅಕ್ಷಿಪಟಲ ಕಳಚಿದವರು ವೈದ್ಯರನ್ನು ಕೇಳದೆ ಕೈಹಾಕಲೇಬಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಕತ್ತೆತ್ತಿದಾಗಲೇ ತಲೆ ಸುತ್ತುವುದಾದರೆ ತೊಂದರೆ ಕತ್ತಿನದೇ ಅಲ್ಲವೇ? ಎಕ್ಸ್‌ರೇಯಲ್ಲಿ ಸವಕಳಿ ಕಾಣಿಸುತ್ತದಲ್ಲ? ಕಾಣಿಸುತ್ತದೆ ನಿಜ. ಆದರೆ ಐವತ್ತು ದಾಟಿದ ಬಹುತೇಕರ ಕುತ್ತಿಗೆಯ ಎಕ್ಸ್‌ರೇಯಲ್ಲಿ ಸವಕಳಿ ಇದ್ದೇ ಇರುತ್ತದೆ, ತಲೆಸುತ್ತು ಇರಲಿ ಬಿಡಲಿ. ಕತ್ತೆತ್ತಿದಾಗ ಕುತ್ತಿಗೆಯಷ್ಟೇ ಬಾಗುವುದಿಲ್ಲ, ಒಳಗಿವಿಯ ಭಂಗಿಯೂ ಬದಲಾಗುತ್ತದೆ. ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭ: ಹಾಸಿಗೆಯಲ್ಲಿ ಕತ್ತು ಮತ್ತು ಮೈಯನ್ನು ಒಟ್ಟಿಗೆ, ಕತ್ತು ತಿರುಚದಂತೆ ಹೊರಳಿಸಿದಾಗಲೂ ತಲೆ ಸುತ್ತಿದರೆ ಅದು ಕುತ್ತಿಗೆಯ ಕೆಲಸವಲ್ಲ. ಕಾಲರ್ ಹಾಕಿಕೊಂಡವರಿಗೆ ತಲೆಸುತ್ತು ಕಡಿಮೆಯಾದಂತೆ ತೋರುವುದಕ್ಕೂ ಕಾರಣವಿದೆ. ಕಾಲರ್ ತಲೆಯ ಚಲನೆಯನ್ನೇ ತಡೆಯುತ್ತದೆ, ಹರಳು ಇದ್ದಲ್ಲೇ ಇರುತ್ತದೆ. ಇನ್ನು ಬಿಪಿಯ ಮಾತು. ಮಲಗಿದ್ದವರು ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ರಕ್ತದೊತ್ತಡ ಇಳಿಯುವುದರಿಂದ ಆಗಿರಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಲೆಕ್ಕಕ್ಕೆ ಬರುತ್ತದೆ. ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಾಗಿದ್ದರೂ ಹೀಗಾಗುತ್ತದೆ. ಆದರೆ ನಿಂತಾಗ ಬಾರದೆ, ಮಲಗುವಾಗಲೂ ಮಲಗಿಯೇ ಮಗ್ಗುಲು ಬದಲಿಸುವಾಗಲೂ ಬರುವ ತಲೆಸುತ್ತನ್ನು ಬಿಪಿಯ ತಲೆಗೆ ಕಟ್ಟುವುದು ಸರಿಯಲ್ಲ. ನಿಜವಾಗಿ ಪ್ರಜ್ಞೆ ತಪ್ಪಿ ಬಿದ್ದವರಲ್ಲಿ ಮೊದಲು ನೋಡಬೇಕಾದದ್ದು ಕಿವಿಯನ್ನಲ್ಲ, ಹೃದಯವನ್ನು.

ಮಾತ್ರೆಯಿಂದ ಗುಣವಾಯಿತಲ್ಲ ಎನ್ನುವವರಿಗೂ ಉತ್ತರ ಕೊಡಬೇಕು. ಹರಳಿನ ತಲೆಸುತ್ತು ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ನುಂಗುತ್ತಿದ್ದ ಮಾತ್ರೆಗೆ ಕೀರ್ತಿ ಸಲ್ಲುತ್ತದೆ. ನಾಳದೊಳಗೆ ಸೇರಿದ ಹರಳನ್ನು ಕರಗಿಸುವ ಅಥವಾ ಕದಲಿಸುವ ಮಾತ್ರೆ ಯಾವುದೂ ಇಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಬಿಪಿಪಿವಿಗೆ ತಲೆಸುತ್ತು ತಗ್ಗಿಸುವ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬೇಡಿ, ಬೇರೆ ಲಕ್ಷಣಗಳಿಲ್ಲದಿದ್ದರೆ ಸ್ಕ್ಯಾನ್ ಮಾಡಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ತಲೆಸುತ್ತಿಗೆ ಎಗ್ಗಿಲ್ಲದೆ ಮಾರಾಟವಾಗುವ ಬೀಟಾಹಿಸ್ಟೀನ್‌ಗೆ ಹೇಳಿಕೊಳ್ಳುವ ಮುಖ್ಯ ನೆಲೆ ಮೆನಿಯೇರ್ ಕಾಯಿಲೆ. ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆ ಕಾಯಿಲೆಯಲ್ಲೂ ಅದು ಹುಸಿ ಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ. ಅದು ದೊಡ್ಡ ಹಾನಿ ಮಾಡದು ಎನ್ನಬಹುದು. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ವಿಷಯದಲ್ಲಿ ಅಷ್ಟೂ ಹೇಳುವಂತಿಲ್ಲ. ವಾಂತಿಯ ಮೊದಲ ಒಂದೆರಡು ದಿನ ಅವು ನಿಜಕ್ಕೂ ಉಪಕಾರಿ. ತಿಂಗಳುಗಟ್ಟಲೆ ನುಂಗಿದರೆ ವಯಸ್ಸಾದವರಲ್ಲಿ ಕೈನಡುಕ, ಬಿಗಿತ, ನಿಧಾನ ನಡಿಗೆ ತರಬಲ್ಲವು. ಪಾರ್ಕಿನ್ಸನ್ ಕಾಯಿಲೆಯೇ ಬಂದಿತೆಂದು ಅದಕ್ಕೆ ಇನ್ನೊಂದು ಮಾತ್ರೆ ಆರಂಭವಾಗುವುದೂ ಉಂಟು. ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದಿದೆ. ಒಂದು ಕಿವಿ ಕೆಟ್ಟಾಗ ಮಿದುಳು ಉಳಿದ ಸುದ್ದಿಗಳನ್ನು ಹೊಂದಿಸಿಕೊಂಡು ಸಮತೋಲನವನ್ನು ಮತ್ತೆ ಕಲಿಯುತ್ತದೆ. ಮಂಪರು ತರಿಸುವ ಮಾತ್ರೆ ಆ ಕಲಿಕೆಗೇ ಅಡ್ಡಿ.

ಎಲ್ಲ ಕಿವಿ ತಲೆಸುತ್ತೂ ಹರಳಿನದಲ್ಲ. ಅವಧಿಯನ್ನು ಕೇಳುವುದರ ಬೆಲೆ ತಿಳಿಯುವುದು ಇಲ್ಲಿ. ಇಪ್ಪತ್ತು ನಿಮಿಷದಿಂದ ಕೆಲವು ಗಂಟೆ ತಲೆ ಸುತ್ತಿ, ಅದೇ ಹೊತ್ತಿಗೆ ಒಂದು ಕಿವಿ ತುಂಬಿದಂತಾಗಿ, ಗುಂಯ್‌ಗುಟ್ಟಿ, ಕೇಳುವುದು ಮಂಕಾಗಿ, ಆಮೇಲೆ ತಿಳಿಯಾದರೆ ಅದು ಮೆನಿಯೇರ್ ಕಾಯಿಲೆಯ ಚಿತ್ರ. ಉಪ್ಪು ಕಡಿಮೆ ಮಾಡುವ ಸಲಹೆಯಿಂದ ಹಿಡಿದು ಕಿವಿಯೊಳಗೆ ಕೊಡುವ ಚುಚ್ಚುಮದ್ದಿನವರೆಗೆ ಅದಕ್ಕೆ ಬೇರೆಯೇ ಹಾದಿ. ಶೀತ ಜ್ವರದ ಬೆನ್ನಿಗೆ ಏಕಾಏಕಿ ಶುರುವಾಗಿ ದಿನಗಟ್ಟಲೆ ಬಿಡದೆ ಸುತ್ತಿ, ವಾಂತಿಯಾಗಿ, ಕಿವಿ ಮಾತ್ರ ಚೆನ್ನಾಗಿ ಕೇಳಿಸುತ್ತಿದ್ದರೆ ಸಮತೋಲನ ನರದ ಊತ ಇರಬಹುದು. ಅರೆತಲೆನೋವಿನ ಚರಿತ್ರೆ ಇದ್ದು, ಬೆಳಕು ಗದ್ದಲ ಸಹಿಸಲಾಗದೆ ತಲೆ ಸುತ್ತುವವರಲ್ಲಿ ಮೈಗ್ರೇನಿನದೇ ಒಂದು ರೂಪ ಕೆಲಸ ಮಾಡುತ್ತಿರುತ್ತದೆ. ಕಿವಿಯನ್ನೇ ಹಿಡಿದು ಕೂತರೆ ಅದು ತಪ್ಪಿಹೋಗುತ್ತದೆ. ಒಂದು ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ, ತಲೆಸುತ್ತು ಜೊತೆಗಿರಲಿ ಇಲ್ಲದಿರಲಿ, ಮೇಣ ಕಟ್ಟಿದೆ ಎಂದು ವಾರಗಟ್ಟಲೆ ಕಾಯಬಾರದು. ಅದು ತುರ್ತು ಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಬೇಗ ಆರಂಭವಾದಷ್ಟೂ ಒಳ್ಳೆಯದು.

ಅತ್ಯಂತ ಗಟ್ಟಿಯಾದ ಆಕ್ಷೇಪ ಬೇರೆ. ಎಲ್ಲರೂ ಕಿವಿ ಕಿವಿ ಎನ್ನುತ್ತ ಕೂತರೆ ಮಿದುಳಿನ ಆಘಾತ ತಪ್ಪಿಹೋಗುವುದಿಲ್ಲವೇ? ಈ ಭಯ ನ್ಯಾಯವಾದದ್ದು. ಮಿದುಳಿನ ಹಿಂಭಾಗದ ಸ್ಟ್ರೋಕ್ ಕೂಡ ತಲೆಸುತ್ತಿನಂತೆಯೇ ಶುರುವಾಗಬಲ್ಲದು. ಆದರೆ ಇದಕ್ಕೆ ಮದ್ದು ಎಲ್ಲರಿಗೂ ಸ್ಕ್ಯಾನ್ ಅಲ್ಲ. ಸಿ.ಟಿ. ಸ್ಕ್ಯಾನಿಗೆ ಆ ಭಾಗದ ಹೊಸ ಸ್ಟ್ರೋಕ್ ಬಹಳ ಸಲ ಕಾಣುವುದೇ ಇಲ್ಲ. ಎಂಆರ್‌ಐ ಕೂಡ ಮೊದಲ ಒಂದೆರಡು ದಿನದಲ್ಲಿ ಕೆಲವನ್ನು ತಪ್ಪಿಸುತ್ತದೆ. ಬಿಡದೆ ಸುತ್ತುತ್ತಿರುವ ರೋಗಿಯಲ್ಲಿ ಕಣ್ಣಿನ ಚಲನೆಯ ಮೂರು ಪರೀಕ್ಷೆಗಳನ್ನು ನುರಿತ ವೈದ್ಯರು ಮಾಡಿದರೆ ಆರಂಭದ ಎಂಆರ್‌ಐಗಿಂತ ಚೆನ್ನಾಗಿ ಸ್ಟ್ರೋಕ್ ಹಿಡಿಯಬಹುದೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ಸರಿಯಾದ ಪ್ರಶ್ನೆ ಕೇಳಿ ಕಣ್ಣನ್ನು ನೋಡುವ ವೈದ್ಯರು ಕಿವಿಯನ್ನೂ ಹಿಡಿಯುತ್ತಾರೆ, ಮಿದುಳನ್ನೂ ಬಿಡುವುದಿಲ್ಲ. ಮನೆಯವರು ನೆನಪಿಡಬೇಕಾದದ್ದು ಇಷ್ಟು: ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಅಥವಾ ಕೈಕಾಲು ಒಂದು ಕಡೆ ಸೋತರೆ ಇಲ್ಲವೇ ಜೋಮು ಹಿಡಿದರೆ, ನುಂಗಲು ಕಷ್ಟವಾದರೆ, ಹಿಂದೆಂದೂ ಇಲ್ಲದ ತೀವ್ರ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾಗದಷ್ಟು ತೂರಾಟವಿದ್ದರೆ ಕಿವಿಯ ಮಾತು ಬಿಟ್ಟು ತಕ್ಷಣ 108ಕ್ಕೆ ಕರೆಮಾಡಬೇಕು. ಬಿಪಿ, ಶುಗರ್, ಹೃದಯದ ಕಾಯಿಲೆ ಇರುವವರಲ್ಲಿ ಗಂಟೆಗಟ್ಟಲೆ ಬಿಡದ ಹೊಸ ತಲೆಸುತ್ತನ್ನು ಬೇರೆ ಲಕ್ಷಣವಿಲ್ಲದಿದ್ದರೂ ಆಸ್ಪತ್ರೆಯಲ್ಲೇ ನೋಡಿಸಬೇಕು.

ಸೋರುವ ಕಿವಿಯ ವಿಷಯಕ್ಕೆ ಬಂದರೆ ನಮ್ಮ ಉದಾಸೀನ ಇನ್ನೂ ಹೆಚ್ಚು. ಮಕ್ಕಳ ಕಿವಿ ಸೋರುವುದು ದೊಡ್ಡವರಾದ ಮೇಲೆ ನಿಲ್ಲುತ್ತದೆ ಎಂಬ ಮಾತು ಊರೂರಲ್ಲೂ ಇದೆ. ದುರ್ವಾಸನೆಯ ಕೀವು ವರ್ಷಗಟ್ಟಲೆ ಬರುತ್ತಿದ್ದರೆ ನಡುಗಿವಿಯಲ್ಲಿ ಚರ್ಮದ ಗಂಟು ಬೆಳೆದು ಸುತ್ತಲ ಮೂಳೆಯನ್ನು ತಿನ್ನುತ್ತಿರಬಹುದು. ಅದು ಒಳಗಿವಿಯ ನಾಳದ ಗೋಡೆಯನ್ನು ತೂತು ಮಾಡಿದಾಗ ಕಿವಿಯ ಬಾಯಿ ಒತ್ತಿದರೂ ಜೋರಾಗಿ ಸೀನಿದರೂ ತಲೆ ಸುತ್ತುತ್ತದೆ. ಮುಖದ ನರಕ್ಕೆ ತಗುಲಿದರೆ ಬಾಯಿ ಸೊಟ್ಟಗಾಗುತ್ತದೆ. ಮೇಲಕ್ಕೆ ಹರಡಿದರೆ ಮಿದುಳಿನಲ್ಲಿ ಕೀವು ಕಟ್ಟುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು. ಕಿವಿಪೊರೆಯ ಹಿಂದೆ ಅಂಟು ದ್ರವ ನಿಂತ ಮಕ್ಕಳು ಮೇಲಿಂದ ಮೇಲೆ ಎಡವಿ ಬೀಳುವುದುಂಟು; ಮಗು ದಡ್ಡ, ಸೋಮಾರಿ ಎನ್ನುವ ಮೊದಲು ಕಿವಿ ತೋರಿಸುವುದು ಲೇಸು. ಕಿವಿಗೆ ಎಣ್ಣೆ ಬಿಡುವವರಿಗೆ ಬಾರನಿಯ ನೀರಿನ ಪ್ರಯೋಗವೇ ಉತ್ತರ ಕೊಡುತ್ತದೆ: ಮೈಕಾವಿಗಿಂತ ತಣ್ಣಗಿನ ಅಥವಾ ಬಿಸಿಯಾದ ಏನನ್ನು ಸುರಿದರೂ ಒಳಗಿವಿಯ ದ್ರವ ಕದಡಿ ತಲೆ ಸುತ್ತುತ್ತದೆ. ಪೊರೆಯಲ್ಲಿ ತೂತಿದ್ದರೆ ಎಣ್ಣೆ, ಬೆಳ್ಳುಳ್ಳಿ ರಸ, ಕೆರೆಯ ನೀರು ಎಲ್ಲವೂ ನಡುಗಿವಿಗೆ ನೇರ ದಾರಿ ಹಿಡಿದು ಸೋಂಕು ತರುತ್ತವೆ. ಹೇರ್‌ಪಿನ್, ಬೆಂಕಿಕಡ್ಡಿ, ಬೀದಿಬದಿಯ ಕಿವಿ ಶುಚಿಮಾಡುವವರ ಸಲಾಕೆ, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಒಂದು ತಲೆಸುತ್ತಿನ ಬಗ್ಗೆ ಯಾಕೆ ಎಂದರೆ, ಅದರ ನಿಜವಾದ ಬೆಲೆ ತೆರುವುದು ಬೀಳುವಿಕೆಯಲ್ಲಿ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ 2001ರಿಂದ 2004ರ ನಡುವೆ ನಲವತ್ತು ದಾಟಿದ ಸಾವಿರಾರು ಮಂದಿಯನ್ನು ಮೆತ್ತನೆಯ ಫೋಮಿನ ಮೇಲೆ ಕಣ್ಣುಮುಚ್ಚಿ ನಿಲ್ಲಿಸಿ ನೋಡಿದರು. ಕಣ್ಣಿನ ಮತ್ತು ಪಾದದ ಸಹಾಯ ತೆಗೆದ ಮೇಲೆ ಉಳಿಯುವುದು ಒಳಗಿವಿಯ ಆಸರೆ ಮಾತ್ರ. ನೂರಕ್ಕೆ 35 ಮಂದಿ ಈ ಪರೀಕ್ಷೆಯಲ್ಲಿ ಸೋತರು. ಸೋತವರಲ್ಲಿ ತಲೆಸುತ್ತೂ ಇದ್ದವರಿಗೆ ಬೀಳುವ ಸಂಭವ ಸುಮಾರು ಹನ್ನೆರಡು ಪಟ್ಟು. ನಮ್ಮ ಹಿರಿಯರು ಕತ್ತಲಲ್ಲಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುವುದಕ್ಕೂ ಇದೇ ವಿವರಣೆ ಹೊಂದುತ್ತದೆ: ಕತ್ತಲಲ್ಲಿ ಕಣ್ಣಿಲ್ಲ, ಶುಗರ್‌ನಿಂದ ಪಾದಕ್ಕೆ ಸ್ಪರ್ಶವಿಲ್ಲ, ಉಳಿದ ಒಳಗಿವಿಯೂ ಸೊರಗಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀಳುವ ಭಯವೂ ಒಂದು ಕಾಯಿಲೆಯೇ. ಒಮ್ಮೆ ತಲೆ ಸುತ್ತಿದವರು ಸಂತೆಗೆ ಹೋಗುವುದನ್ನು, ದೇವಸ್ಥಾನದ ಮೆಟ್ಟಿಲು ಹತ್ತುವುದನ್ನು, ಪ್ರದಕ್ಷಿಣೆ ಹಾಕುವುದನ್ನು ಬಿಡುತ್ತಾರೆ. ನಡಿಗೆ ನಿಂತಂತೆ ಕಾಲಿನ ಬಲ ಕುಂದುತ್ತದೆ, ಶುಗರ್ ಏರುತ್ತದೆ, ನಿದ್ದೆ ಕೆಡುತ್ತದೆ, ಆತಂಕ ಮನೆಮಾಡುತ್ತದೆ. ಆತಂಕದಿಂದ ತಲೆಸುತ್ತು ಬಂದಿದೆ ಎಂದು ಬೈಸಿಕೊಳ್ಳುವ ಬಹಳ ಹೆಂಗಸರಲ್ಲಿ ತಲೆಸುತ್ತೇ ಮೊದಲು ಬಂದಿರುತ್ತದೆ.

ಕೇಳುವ ಶಕ್ತಿ ಕುಂದುವುದಕ್ಕೂ ಬೀಳುವುದಕ್ಕೂ ನಂಟು ಕಂಡಿದೆ. ಅದೇ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿದ 2012ರ ಇನ್ನೊಂದು ವಿಶ್ಲೇಷಣೆಯಲ್ಲಿ 25 ಡೆಸಿಬಲ್‌ನಷ್ಟು ಸಣ್ಣ ಕಿವುಡಿದ್ದವರಲ್ಲೂ ಬಿದ್ದ ಚರಿತ್ರೆ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಇದರಿಂದ ಕಿವುಡೇ ಬೀಳಿಸಿತೆಂದು ಸಿದ್ಧವಾಗುವುದಿಲ್ಲ. ಎರಡೂ ಒಂದೇ ಸವಕಳಿಯ ಎರಡು ಮುಖಗಳಿರಬಹುದು, ಕೇಳಿಸಿಕೊಳ್ಳಲು ಹೆಣಗುವ ಮಿದುಳಿಗೆ ಹೆಜ್ಜೆಯ ಮೇಲೆ ಗಮನ ಉಳಿಯದಿರಬಹುದು. ಮರೆವಿನ ಕಾಯಿಲೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿದ, ತಡೆಯಬಹುದಾದ 14 ಅಪಾಯಗಳಲ್ಲಿ ಕಿವುಡೂ ಒಂದು. ಆದರೆ ಶ್ರವಣ ಸಾಧನ ಕೊಟ್ಟು ಮೂರು ವರ್ಷ ಗಮನಿಸಿದ ಅಮೆರಿಕದ ಪ್ರಯೋಗದ 2023ರ ಫಲಿತಾಂಶದಲ್ಲಿ ಒಟ್ಟಾರೆ ಗುಂಪಿಗೆ ಲಾಭ ಕಾಣಲಿಲ್ಲ, ಮೊದಲೇ ಹೆಚ್ಚು ಅಪಾಯದಲ್ಲಿದ್ದ ಹಿರಿಯರಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಗಣನೀಯವಾಗಿ ತಗ್ಗಿತು. ಶ್ರವಣ ಸಾಧನ ಹಾಕಿದರೆ ಮರೆವು ಬರುವುದಿಲ್ಲ ಎಂಬ ಜಾಹೀರಾತನ್ನು ನಂಬಬೇಕಾಗಿಲ್ಲ. ಮಾತು ಕೇಳಿಸಲಿ, ಜನರ ನಡುವೆ ಬೆರೆಯುವಂತಾಗಲಿ ಎಂಬುದೇ ಅದನ್ನು ಹಾಕಲು ಸಾಕಷ್ಟು ಕಾರಣ. ಭಾರತದಲ್ಲಿ ಸುಮಾರು 6.3 ಕೋಟಿ ಜನರಿಗೆ ಗಣನೀಯ ಶ್ರವಣದೋಷವಿದೆ ಎಂಬ ಅಂದಾಜಿನ ಎದುರು, ಸಾಧನ ಹಾಕಿಕೊಂಡವರು ನಮ್ಮ ಕಣ್ಣಿಗೆ ಬೀಳುವುದು ತೀರಾ ಕಡಿಮೆ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕೇಕೋ ತಿಳಿಯದು.

ತಲೆಸುತ್ತು ಬಂದ ಗಳಿಗೆಯಲ್ಲಿ ಮಾಡಬೇಕಾದದ್ದು ಕಡಿಮೆ: ಇದ್ದಲ್ಲೇ ಕುಳಿತುಕೊಳ್ಳುವುದು, ಕಣ್ಣನ್ನು ಒಂದು ವಸ್ತುವಿನ ಮೇಲೆ ನಿಲ್ಲಿಸುವುದು, ಸುತ್ತು ನಿಂತ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಯುವುದು. ಏಣಿ, ಒಲೆ, ಬಾವಿಕಟ್ಟೆ, ದ್ವಿಚಕ್ರ ವಾಹನಗಳಿಂದ ಆ ದಿನ ದೂರವಿರಬೇಕು. ಮನೆಯವರು ಮಾಡಬಹುದಾದ ಅತ್ಯುಪಯುಕ್ತ ಕೆಲಸವೊಂದಿದೆ: ತಲೆ ಸುತ್ತುತ್ತಿರುವಾಗಲೇ ರೋಗಿಯ ತೆರೆದ ಕಣ್ಣುಗಳನ್ನು ಹತ್ತಿರದಿಂದ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡುವುದು. ವೈದ್ಯರ ಬಳಿ ಹೋಗುವಾಗ ತಲೆಸುತ್ತು ನಿಂತಿರುತ್ತದೆ. ವಿಡಿಯೊದಲ್ಲಿ ಕಣ್ಣಿನ ಕುಣಿತ ಉಳಿದಿರುತ್ತದೆ. ಅದರ ಜೊತೆ ಯಾವ ಭಂಗಿಯಲ್ಲಿ ಬಂತು, ಎಷ್ಟು ಹೊತ್ತು, ಕಿವಿಯಲ್ಲಿ ಬದಲಾವಣೆ ಇತ್ತೇ, ತಲೆನೋವಿತ್ತೇ, ಈಗ ಯಾವ್ಯಾವ ಮಾತ್ರೆ ನಡೆಯುತ್ತಿದೆ ಎಂದು ಬರೆದಿಟ್ಟುಕೊಂಡು ಹೋಗಬೇಕು. ಮಲಗಿಸಿ ಪರೀಕ್ಷೆ ಮಾಡುತ್ತೀರಾ ಎಂದು ವೈದ್ಯರನ್ನು ಕೇಳುವುದು ಅಗೌರವವಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದ ಜೊತೆ ಸಮತೋಲನದ ಪರೀಕ್ಷೆಗಳೂ ನಡೆಯುತ್ತವೆ. ಒಂದು ಆಡಿಯೋಗ್ರಾಂ ಮಾಡಿಸಿಕೊಳ್ಳುವುದು ಒಳ್ಳೆಯದು. ಮೆನಿಯೇರ್, ನರದ ಗಂಟು ಮುಂತಾದವು ಮೊದಲು ಸುಳಿವು ಕೊಡುವುದು ಅಲ್ಲಿ.

ನರದ ಊತದಿಂದಾಗಲಿ ಬೇರೆ ಕಾರಣದಿಂದಾಗಲಿ ಒಂದು ಕಿವಿಯ ಸಮತೋಲನ ಕುಗ್ಗಿದವರಿಗೆ ಮಲಗಿ ವಿಶ್ರಾಂತಿ ಮಾಡುವ ಸಲಹೆ ಎರಡು ಮೂರು ದಿನ ಮಾತ್ರ ಸರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ತಲೆಗೆ ಪೆಟ್ಟು ಬಿದ್ದವರನ್ನು ಬೇಗನೆ ಎಬ್ಬಿಸಿ, ಕಣ್ಣು, ತಲೆ, ಕೊನೆಗೆ ಇಡೀ ಮೈಯನ್ನು ಹಂತಹಂತವಾಗಿ ಚಲಿಸುವ ವ್ಯಾಯಾಮ ಮಾಡಿಸಿದರು. ಇಂದಿನ ಸಮತೋಲನ ಫಿಸಿಯೋಥೆರಪಿಗೆ ಅದೇ ಬುಡ. ಹೆಬ್ಬೆರಳನ್ನು ಎದುರು ಹಿಡಿದು ದಿಟ್ಟಿ ಕದಲಿಸದೆ ತಲೆಯನ್ನು ಅತ್ತಿತ್ತ ಆಡಿಸುವುದು, ಗೋಡೆಯ ಪಕ್ಕ ಒಂದರ ಹಿಂದೊಂದು ಪಾದವಿಟ್ಟು ನಡೆಯುವುದು ಇಂಥವೇ. ಮಾಡುವಾಗ ಸ್ವಲ್ಪ ತಲೆ ಸುತ್ತಲೇಬೇಕು, ಮಿದುಳು ಕಲಿಯುವುದು ಆ ವ್ಯತ್ಯಾಸದಿಂದಲೇ. ಸುತ್ತುತ್ತದೆಂದು ಬಿಟ್ಟವರಿಗೆ ಗುಣ ತಡ. ರಾತ್ರಿ ಬಚ್ಚಲಿನ ದಾರಿಗೆ ಒಂದು ಸಣ್ಣ ಬಲ್ಬು, ಗೋಡೆಗೆ ಹಿಡಿಕೆ, ಜಾರದ ಚಪ್ಪಲಿ, ಊರುಗೋಲು ಇಷ್ಟು ಹಿರಿಯರ ಮನೆಯಲ್ಲಿ ಇರಲಿ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದು ಹಲವು ದಿನ ಕೊಡಬೇಕಾಗಿ ಬಂದಾಗ, ಮುಖ್ಯವಾಗಿ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ, ಓಲಾಟವೋ ಕಿವಿಯ ಗುಂಯ್‌ಗುಡುವಿಕೆಯೋ ಶುರುವಾದರೆ ಅಂದೇ ವೈದ್ಯರಿಗೆ ಹೇಳಬೇಕು. ಈ ಔಷಧಗಳಿಂದ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಹರಳಿನ ತಲೆಸುತ್ತು ಗುಣವಾದ ಮೇಲೆ ಮತ್ತೆ ಬರುವುದೇ ಎಂದು ಎಲ್ಲರೂ ಕೇಳುತ್ತಾರೆ. ಬರಬಹುದು, ಐದು ವರ್ಷದೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮರುಕಳಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ ಸುಮಾರು ಸಾವಿರ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಟಮಿನ್ ಡಿ ಕಡಿಮೆ ಇದ್ದವರಿಗೆ ಅದನ್ನು ಕ್ಯಾಲ್ಸಿಯಂ ಜೊತೆ ಕೊಟ್ಟಾಗ ಮರುಕಳಿಸುವಿಕೆ ಸುಮಾರು ಕಾಲುಭಾಗ ತಗ್ಗಿತು. ಬಿಸಿಲಿಗೆ ಬರವಿಲ್ಲದ ನಮ್ಮ ನಾಡಿನಲ್ಲೂ ಮನೆಯೊಳಗೇ ಇರುವವರಲ್ಲಿ ಈ ಕೊರತೆ ಸಾಮಾನ್ಯ. ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಇದ್ದರಷ್ಟೇ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ಮತ್ತೆ ಬಂದರೆ ಗಾಬರಿಬಿದ್ದು ಹೊಸ ಸ್ಕ್ಯಾನಿಗೆ ಓಡಬೇಕಾಗಿಲ್ಲ, ಅದೇ ಮಂಚ, ಅದೇ ಚಿಕಿತ್ಸೆ. ಯಾವ ಕಿವಿಯಲ್ಲಿತ್ತು, ಎಷ್ಟು ಸಲಕ್ಕೆ ಸರಿಹೋಯಿತು ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ಬಿಪಿ-ಶುಗರ್ ಫೈಲಿನ ಜೊತೆಗೇ ಇಟ್ಟುಕೊಂಡಿದ್ದರೆ, ಮುಂದಿನ ಸಲ ಬೇರೆ ಊರಿನ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ.